ಗುಬ್ಬಿ ತೋಟದಪ್ಪ

ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು (೧೮೩೮ – ೨೧ ಫೆಬ್ರವರಿ ೧೯೧೦) ಹಳೆಯ ಮೈಸೂರು ಸಂಸ್ಥಾನದ ಹೆಸರಾಂತ ವರ್ತಕರು ಹಾಗೂ ಮಹಾದಾನಿಗಳು. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಜನಿಸಿ, ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರ ನಡೆಸಿ ಗಳಿಸಿದ ಸಂಪತ್ತೆಲ್ಲವನ್ನೂ ಅವರು ಪರಊರಿನ ಪ್ರಯಾಣಿಕರ ವಸತಿಗೂ ಬಡ ವಿದ್ಯಾರ್ಥಿಗಳ ಅನ್ನಾಶ್ರಯಕ್ಕೂ ಮೀಸಲಿಟ್ಟರು. ಬೆಂಗಳೂರು ನಗರ ರೈಲು ನಿಲ್ದಾಣದ ಸಮೀಪದಲ್ಲಿ ಅವರು ಕಟ್ಟಿಸಿದ ಧರ್ಮಛತ್ರವು ಜನರ ಬಾಯಲ್ಲಿ ತೋಟದಪ್ಪನ ಛತ್ರವೆಂದೇ ಪ್ರಸಿದ್ಧವಾಗಿದೆ. ಹೋಟೆಲು, ಲಾಡ್ಜು ಎಂಬ ಮಾತುಗಳು ಸಾಮಾನ್ಯರ ನಾಲಿಗೆಗೆ ಇನ್ನೂ ಹತ್ತದಿದ್ದ ಕಾಲದಲ್ಲಿ, ರಾಜಧಾನಿಗೆ ವ್ಯಾಪಾರ, ಕೋರ್ಟು, ಕಚೇರಿ ಮುಂತಾದ ಕೆಲಸಗಳಿಗಾಗಿ ಬಂದಿಳಿದವರಿಗೆ ಕಾಸಿನ ಚಿಂತೆಯಿಲ್ಲದೆ ತಂಗಲು ದೊರೆತ ಗೌರವಯುತ ವಸತಿಗಳಲ್ಲಿ ಇದು ಮುಖ್ಯವಾದದ್ದು.

ಹುಟ್ಟೂರು ಮತ್ತು ಹೆಸರು

ತೋಟದಪ್ಪನವರು ೧೮೩೮ರಲ್ಲಿ ಗುಬ್ಬಿಯ ಲಿಂಗಾಯತ ಕುಟುಂಬವೊಂದರಲ್ಲಿ ಜನಿಸಿದರು. ಗುಬ್ಬಿಯು ತುಮಕೂರಿನಿಂದ ಸುಮಾರು ೨೦ ಕಿಲೋಮೀಟರ್ ದೂರದಲ್ಲಿರುವ ತಾಲ್ಲೂಕು ಕೇಂದ್ರ. ಗೋಸಲ ಚನ್ನಬಸವೇಶ್ವರರ ಕ್ಷೇತ್ರವೆಂದೂ, ೧೮೮೪ರಲ್ಲಿ ಆರಂಭವಾಗಿ ಮುಂದೆ ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡಿನಾದ್ಯಂತ ಹೆಸರಾದ ನಾಟಕ ಮಂಡಳಿಯ ತವರೆಂದೂ ಈ ಊರು ಪ್ರಸಿದ್ಧ. ಆದರೆ ತೋಟದಪ್ಪನವರ ಬಾಲ್ಯವನ್ನು ಅರಿಯಲು ಗುಬ್ಬಿಯ ಮೂರನೆಯ ಮುಖವೊಂದನ್ನು ನೆನೆಯಬೇಕು. ಅದು ಸಂತೆಯ ಮುಖ. ಟಿಪ್ಪು ಸುಲ್ತಾನನ ಪತನದ ಮರುವರ್ಷ, ಎಂದರೆ ೧೮೦೦ರಲ್ಲಿ, ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯ ವಾರದ ಸಂತೆಯನ್ನು ಕಂಡು ಅಲ್ಲಿನ ವ್ಯಾಪಾರವನ್ನು ವಿವರವಾಗಿ ದಾಖಲಿಸಿದ್ದಾನೆ. ಮಲೆನಾಡಿನ ಕಡೆಯ ಸರಕೂ ಪೂರ್ವದ ಬಯಲುಸೀಮೆಯ ಸರಕೂ ಕೈ ಬದಲಾಯಿಸುವ ಎಡೆ ಅದಾಗಿತ್ತು. ಸುತ್ತಲಿನ ಸೀಮೆ ಅಡಿಕೆ, ತೆಂಗು, ಕೊಬ್ಬರಿಗೆ ಹೆಸರಾದದ್ದು. ಇಂತಹ ಊರಿನಲ್ಲಿ ಬೆಳೆದ ಬಾಲಕನಿಗೆ ಪರಸ್ಥಳದ ವರ್ತಕರು, ಹೇರೆತ್ತುಗಳು, ರಾತ್ರಿ ತಂಗಲು ಎಡೆ ಹುಡುಕುವ ಗಾಡಿಯವರು ದಿನನಿತ್ಯದ ನೋಟ.

ತೋಟದಪ್ಪ ಎಂಬ ಹೆಸರೂ ಆ ನೆಲದ್ದೇ. ನೆರೆಯ ಕುಣಿಗಲ್ ತಾಲ್ಲೂಕಿನ ಯಡಿಯೂರಿನಲ್ಲಿ ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆಯಿದೆ. ಆ ಸೀಮೆಯ ಲಿಂಗಾಯತ ಮನೆಗಳಲ್ಲಿ ಸಿದ್ಧಲಿಂಗಪ್ಪ, ತೋಂಟದಾರ್ಯ, ತೋಟದಪ್ಪ ಎಂಬ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಬೆಂಗಳೂರಿಗೆ ಬಂದ ಮೇಲೆ ಊರಿನ ಹೆಸರು ಮುಂದೆ ಸೇರಿ ಅವರು ಗುಬ್ಬಿ ತೋಟದಪ್ಪನವರಾದರು.

ಅವರು ಹುಟ್ಟಿದಾಗ ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ೧೮೩೪ರಿಂದ ೧೮೬೧ರವರೆಗೆ ಕಮಿಷನರರಾಗಿದ್ದ ಮಾರ್ಕ್ ಕಬ್ಬನ್ನರ ಕಾಲದಲ್ಲಿ ರಸ್ತೆಗಳು ನಿರ್ಮಾಣವಾದವು, ಸರಕಿನ ಓಡಾಟಕ್ಕೆ ಅಡ್ಡಿಯಾಗಿದ್ದ ಹಲವಾರು ಚಿಲ್ಲರೆ ಸುಂಕಗಳು ರದ್ದಾದವು. ಆಡಳಿತದ ಕಚೇರಿಗಳು ಮೈಸೂರಿನಿಂದ ಬೆಂಗಳೂರಿಗೆ ಸ್ಥಳಾಂತರಗೊಂಡಿದ್ದವು. ಕಚೇರಿ ಇರುವೆಡೆಗೆ ವ್ಯಾಪಾರವೂ ಸರಿಯಿತು. ಒಳನಾಡಿನ ಸಂತೆಯೂರುಗಳ ವರ್ತಕ ಮನೆತನಗಳು ಒಂದೊಂದಾಗಿ ಬೆಂಗಳೂರಿನ ಪೇಟೆಯಲ್ಲಿ ಅಂಗಡಿ ಹೂಡತೊಡಗಿದ ಕಾಲವದು. ತೋಟದಪ್ಪನವರ ಕುಟುಂಬವೂ ಗುಬ್ಬಿಯನ್ನು ಬಿಟ್ಟು ಬೆಂಗಳೂರಿಗೆ ಬಂದು ನೆಲೆಸಿತು.

ಮಾಮೂಲುಪೇಟೆಯ ವ್ಯಾಪಾರ

ಕುಟುಂಬದ ವ್ಯಾಪಾರ ನೆಲೆಗೊಂಡದ್ದು ಮಾಮೂಲುಪೇಟೆಯಲ್ಲಿ. ಕೆಂಪೇಗೌಡರು ೧೫೩೭ರಲ್ಲಿ ಕಟ್ಟಿದ ಹಳೆಯ ಪೇಟೆಯು ಕಸುಬು ಮತ್ತು ಸರಕಿನ ಲೆಕ್ಕದಲ್ಲಿ ಹಂಚಿಹೋದ ಬೀದಿಗಳ ಗುಚ್ಛ. ಅಕ್ಕಿಪೇಟೆ, ತರಗುಪೇಟೆ, ಬಳೇಪೇಟೆ, ಅರಳೆಪೇಟೆ, ನಗರ್ತಪೇಟೆ ಎಂಬ ಹೆಸರುಗಳೇ ಅದನ್ನು ಹೇಳುತ್ತವೆ. ದೊಡ್ಡಪೇಟೆಗೂ (ಇಂದಿನ ಅವೆನ್ಯೂ ರಸ್ತೆ) ಚಿಕ್ಕಪೇಟೆಗೂ ಹತ್ತಿರದ ಮಾಮೂಲುಪೇಟೆ ಈ ಗುಚ್ಛದ ನಡುವಿನದು. ಇಲ್ಲಿನ ಅಂಗಡಿಗಳಿಗೆ ಗಿರಾಕಿಗಳೆಂದರೆ ಬಹುಮಟ್ಟಿಗೆ ಪರಊರಿನ ಚಿಲ್ಲರೆ ವ್ಯಾಪಾರಿಗಳು. ಅವರು ಬಂದು, ಸರಕು ನೋಡಿ, ದರ ಕುದುರಿಸಿ, ಗಂಟು ಕಟ್ಟಿಸಿ ಹೊರಡುವ ವೇಳೆಗೆ ಎರಡು ಮೂರು ದಿನವಾದರೂ ಬೇಕಾಗುತ್ತಿತ್ತು. ಅಷ್ಟು ದಿನ ಅವರು ಎಲ್ಲಿ ಮಲಗುತ್ತಾರೆ, ಎಲ್ಲಿ ಸ್ನಾನ ಮಾಡುತ್ತಾರೆ, ಲಿಂಗಪೂಜೆ ಅಥವಾ ಸಂಧ್ಯಾವಂದನೆಗೆ ಎಲ್ಲಿ ಕೂಡುತ್ತಾರೆ, ಏನು ಉಣ್ಣುತ್ತಾರೆ ಎಂಬುದು ಅಂಗಡಿಯ ಯಜಮಾನನಿಗೂ ಸಂಬಂಧಿಸಿದ ಸಂಗತಿಯೇ. ಮಂಡಿ ವ್ಯಾಪಾರಿಗಳು ಗಿರಾಕಿಗಳನ್ನು ತಮ್ಮ ಅಂಗಡಿಯ ಅಟ್ಟದಲ್ಲೋ ಮನೆಯ ಜಗಲಿಯಲ್ಲೋ ಮಲಗಿಸುವುದು ಎಲ್ಲ ಪೇಟೆಗಳಲ್ಲಿಯೂ ಇದ್ದ ವಾಡಿಕೆ. ತೋಟದಪ್ಪನವರ ದಾನವು ಮುಂದೆ ಗುಡಿ ಗೋಪುರಗಳ ಕಡೆಗೆ ಹರಿಯದೆ ವಸತಿಯ ಕಡೆಗೇ ಹರಿದುದಕ್ಕೆ ಈ ವೃತ್ತಿಜೀವನವೇ ಹಿನ್ನೆಲೆಯೆಂದು ತೋರುತ್ತದೆ.

ವ್ಯಾಪಾರದಲ್ಲಿ ಅವರು ಚೆನ್ನಾಗಿ ಏಳಿಗೆ ಹೊಂದಿ ನಗರದ ಸಿರಿವಂತರಲ್ಲಿ ಒಬ್ಬರೆನಿಸಿದರು. ದಂಪತಿಗಳಿಗೆ ಮಕ್ಕಳಿರಲಿಲ್ಲ. ಮಕ್ಕಳಿಲ್ಲದ ಸಿರಿವಂತರು ದಾಯಾದಿಗಳಲ್ಲಿ ಒಬ್ಬನನ್ನು ದತ್ತು ತೆಗೆದುಕೊಂಡು ಆಸ್ತಿಯನ್ನು ಮನೆತನದಲ್ಲಿಯೇ ಉಳಿಸುವುದು ಅಂದಿನ ರೂಢಿ. ತೋಟದಪ್ಪನವರ ಆಸ್ತಿ ಆ ದಾರಿಯನ್ನು ಹಿಡಿಯಲಿಲ್ಲ.

ಆ ಕಾಲದ ಬೆಂಗಳೂರಿನಲ್ಲಿ ವರ್ತಕರ ಔದಾರ್ಯಕ್ಕೆ ಬೇರೆ ನಿದರ್ಶನಗಳೂ ಉಂಟು. ವೀಳ್ಯದೆಲೆಯ ವ್ಯಾಪಾರದಿಂದ ಸಿರಿವಂತರಾದ ಎಲೆ ಮಲ್ಲಪ್ಪಶೆಟ್ಟರು ಕೆರೆಯನ್ನೂ ಹೆರಿಗೆ ಆಸ್ಪತ್ರೆಯನ್ನೂ ಕಟ್ಟಿಸಿದರು. ದಂಡಿನ ಪ್ರದೇಶದಲ್ಲಿ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ೧೮೭೩ರಲ್ಲಿ ಶಾಲೆ ತೆರೆದರು. ಪೇಟೆಯ ಜನೋಪಕಾರಿ ದೊಡ್ಡಣ್ಣಶೆಟ್ಟರು ವಿದ್ಯಾಸಂಸ್ಥೆ ಸ್ಥಾಪಿಸಿದರು. ನೀರು, ಔಷಧಿ, ಓದು ಇವುಗಳಿಗೆ ದಾನಿಗಳಿದ್ದ ಊರಿನಲ್ಲಿ ದಾರಿಹೋಕನ ರಾತ್ರಿಯ ಭಾರವನ್ನು ತೋಟದಪ್ಪನವರು ಹೊತ್ತರೆನ್ನಬಹುದು.

ಅಂದಿನ ಪ್ರಯಾಣಿಕರ ಸ್ಥಿತಿ

ಛತ್ರ, ಅರವಟ್ಟಿಗೆ, ಮುಸಾಫಿರಖಾನೆಗಳು ನಮ್ಮ ನಾಡಿಗೆ ಹೊಸವಲ್ಲ. ಅರಸರೂ ಪಾಳೆಯಗಾರರೂ ಸಿರಿವಂತ ಶೆಟ್ಟರೂ ಹೆದ್ದಾರಿಗಳ ಬದಿಯಲ್ಲಿ, ತೀರ್ಥಕ್ಷೇತ್ರಗಳಲ್ಲಿ ಇವುಗಳನ್ನು ಕಟ್ಟಿಸುತ್ತ ಬಂದಿದ್ದರು. ಆದರೆ ಹಳೆಯ ಛತ್ರಗಳ ರಚನೆ ಕಾಲ್ನಡಿಗೆಯ ಹಾಗೂ ಎತ್ತಿನ ಗಾಡಿಯ ಪ್ರಯಾಣಕ್ಕೆ ಹೊಂದಿದಂತಹುದು. ಒಂದು ದಿನದ ನಡಿಗೆಗೆ ಒಂದು ತಂಗುದಾಣ ಎಂಬುದು ಅದರ ಲೆಕ್ಕ. ರೈಲು ಈ ಲೆಕ್ಕವನ್ನು ಬುಡಮೇಲು ಮಾಡಿತು.

೧೮೬೪ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿನ ದಂಡಿನವರೆಗೆ ಮೊದಲ ರೈಲುಮಾರ್ಗ ತೆರೆಯಿತು. ೧೮೮೨ರ ಹೊತ್ತಿಗೆ ಮೈಸೂರಿಗೆ ರೈಲು ಓಡಿತು. ೧೮೮೪ರಲ್ಲಿ ತುಮಕೂರಿನ ಮಾರ್ಗ ಆರಂಭವಾಗಿ, ಗುಬ್ಬಿ, ತಿಪಟೂರು, ಅರಸೀಕೆರೆಗಳ ಮೂಲಕ ಆ ದಶಕದ ಕೊನೆಗೆ ಹರಿಹರವನ್ನು ಮುಟ್ಟಿತು. ೧೮೯೦ರ ದಶಕದ ಆರಂಭದಲ್ಲಿ ಹಿಂದೂಪುರದ ಕಡೆಯಿಂದಲೂ ಕಂಬಿ ಕೂಡಿತು. ತೋಟದಪ್ಪನವರ ಹಿರಿಯರು ಗಾಡಿಯಲ್ಲಿ ಹಲವು ದಿನ ಸವೆಸಿ ಬಂದಿದ್ದ ಗುಬ್ಬಿಯ ದಾರಿ ಈಗ ಕೆಲವೇ ಗಂಟೆಗಳ ಪ್ರಯಾಣವಾಯಿತು. ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಸೀಮೆಯವರಿಗೂ ಬೆಂಗಳೂರು ಹತ್ತಿರವಾಯಿತು. ಕುರುಗೋಡು, ಸಿರುಗುಪ್ಪ, ಬಾದನಹಟ್ಟಿಯಂತಹ ಊರುಗಳ ಹತ್ತಿಯ ವ್ಯಾಪಾರಿಯು ಬಳ್ಳಾರಿಯಲ್ಲಿ ರೈಲು ಹತ್ತಿ ಗುಂತಕಲ್ಲು, ಧರ್ಮಾವರ, ಹಿಂದೂಪುರಗಳ ಮೇಲೆ ಬೆಂಗಳೂರನ್ನು ಸೇರಬಹುದಾಗಿತ್ತು. ಅವನ ಪಾಲಿಗೆ ಅದು ಬೇರೆ ಸಂಸ್ಥಾನದ, ನೆಂಟರಿಷ್ಟರಿಲ್ಲದ ಊರು.

ಹೀಗೆ ಬಂದವರ ಸಂಖ್ಯೆ ಏರಿದಂತೆ, ಅವರೆಲ್ಲರೂ ಒಂದೇ ಬಾಗಿಲಿನಿಂದ ಊರೊಳಗೆ ಇಳಿಯತೊಡಗಿದರು. ಆ ಬಾಗಿಲು ರೈಲು ನಿಲ್ದಾಣ. ರಾತ್ರಿ ರೈಲಿನಿಂದ ಇಳಿದವನಿಗೆ ಎದುರಾಗುತ್ತಿದ್ದುದು ಧರ್ಮಾಂಬುಧಿ ಕೆರೆಯ ಬಯಲು. ಪೇಟೆ ಅದರ ಆಚೆಗಿತ್ತು. ಐರೋಪ್ಯರಿಗೆ ದಂಡಿನ ಕಡೆಯಲ್ಲಿ ಒಳ್ಳೆಯ ಹೋಟೆಲುಗಳಿದ್ದವು. ಇಂದಿಗೂ ನಡೆಯುತ್ತಿರುವ ವೆಸ್ಟ್ ಎಂಡ್ ಹೋಟೆಲು ೧೮೮೭ರಲ್ಲಿ ಐರೋಪ್ಯ ಮಹಿಳೆಯೊಬ್ಬರ ವಸತಿಗೃಹವಾಗಿ ಆರಂಭವಾದದ್ದು. ಸರ್ಕಾರಿ ಅಧಿಕಾರಿಗಳಿಗೆ ಪ್ರವಾಸಿ ಬಂಗಲೆಗಳಿದ್ದವು. ಅಡಿಕೆ ಮಾರಲು ಬಂದ ತಿಪಟೂರಿನ ವರ್ತಕನಿಗೂ, ವ್ಯಾಜ್ಯಕ್ಕಾಗಿ ಬಂದ ಚಿತ್ರದುರ್ಗದ ರೈತನಿಗೂ, ಪರೀಕ್ಷೆ ಬರೆಯಲು ಬಂದ ಹುಡುಗನಿಗೂ ಆ ಬಾಗಿಲುಗಳು ತೆರೆದಿರಲಿಲ್ಲ. ತೆರೆದಿದ್ದರೂ ಹಣ ಸಾಲುತ್ತಿರಲಿಲ್ಲ, ಆಚಾರ ಒಪ್ಪುತ್ತಿರಲಿಲ್ಲ. ಊಟದ ವಿಷಯದಲ್ಲಿ ಜಾತಿಯ ಕಟ್ಟುಪಾಡು ಬಲವಾಗಿದ್ದ ಆ ದಿನಗಳಲ್ಲಿ ತಾನೇ ಒಲೆ ಹೂಡಿ ಬೇಯಿಸಿಕೊಳ್ಳಲು ಸ್ಥಳ, ಸೇದಲು ನೀರು, ಗಂಟು ಭದ್ರವಾಗಿಡಲು ಒಂದು ಕೋಣೆ ಇವಿಷ್ಟು ದೊರೆತರೆ ಪ್ರಯಾಣಿಕ ಧನ್ಯ. ಉಡುಪಿ ಹೋಟೆಲುಗಳು ಬೆಂಗಳೂರಿನಲ್ಲಿ ಬೇರೂರಿದ್ದು ಇದಕ್ಕೂ ಎಷ್ಟೋ ವರ್ಷಗಳ ಅನಂತರ.

ನಿಲ್ದಾಣದ ಸಮೀಪದ ನೆಲ

ತೋಟದಪ್ಪನವರ ವ್ಯಾಪಾರಿ ಬುದ್ಧಿ ಸ್ಪಷ್ಟವಾಗಿ ಕಾಣುವುದು ಸ್ಥಳದ ಆಯ್ಕೆಯಲ್ಲಿ. ತಮ್ಮ ಅಂಗಡಿಯಿದ್ದ ಪೇಟೆಯಲ್ಲಿಯೋ, ಹುಟ್ಟೂರಿನ ದೇವಾಲಯದ ಬಳಿಯಲ್ಲಿಯೋ ಛತ್ರ ಕಟ್ಟಿಸಿದ್ದರೆ ಅದು ನೂರರಲ್ಲಿ ಒಂದಾಗುತ್ತಿತ್ತು. ಅವರು ನಗರ ರೈಲು ನಿಲ್ದಾಣಕ್ಕೆ ಅತಿ ಸಮೀಪದಲ್ಲಿ, ರೈಲ್ವೆಗೆ ಸೇರಿದ್ದ ಸುಮಾರು ಎರಡೂವರೆ ಎಕರೆ ಭೂಮಿಯನ್ನು ಹಣ ಕೊಟ್ಟು ಕೊಂಡರು. ಇಂದು ಮೆಜೆಸ್ಟಿಕ್ ಎಂದು ಕರೆಯಲಾಗುವ ಆ ಪ್ರದೇಶ ಅಂದು ಪೇಟೆಯ ಅಂಚು. ಅಲ್ಲಿ ಮುಂದೆ ಚಿತ್ರಮಂದಿರಗಳೂ ಬಸ್ಸು ನಿಲ್ದಾಣಗಳೂ ಬರುವುವೆಂದು ಯಾರೂ ಊಹಿಸಿರಲಾರರು. ರೈಲಿನಿಂದ ಇಳಿದವನು ಗಾಡಿಯ ಬಾಡಿಗೆ ಕೊಡದೆ, ದಾರಿ ಕೇಳದೆ, ಗಂಟುಮೂಟೆಯನ್ನು ತಾನೇ ಹೊತ್ತುಕೊಂಡು ನಡೆದು ಬರಬಹುದಾದಷ್ಟು ಹತ್ತಿರ ಎಂಬುದಷ್ಟೇ ಅಂದಿನ ಲಾಭ. ಪ್ರಯಾಣಿಕನಿಗೆ ಅದಕ್ಕಿಂತ ದೊಡ್ಡ ಲಾಭವೂ ಬೇಕಿರಲಿಲ್ಲ.

ಛತ್ರ ತಲೆಯೆತ್ತುವ ಮುಂಚಿನ ವರ್ಷಗಳು ಬೆಂಗಳೂರಿಗೆ ಕಷ್ಟದವು. ೧೮೭೬ರಿಂದ ೧೮೭೮ರವರೆಗಿನ ಭೀಕರ ಕ್ಷಾಮದಲ್ಲಿ ಹಳ್ಳಿಗಳಿಂದ ಅನ್ನ ಅರಸಿ ಬಂದವರನ್ನು ನಗರ ಕಂಡಿತ್ತು. ಆಗ ತೋಟದಪ್ಪನವರಿಗೆ ನಲವತ್ತರ ಆಸುಪಾಸು. ೧೮೯೮ರ ಆಗಸ್ಟಿನಲ್ಲಿ ಪ್ಲೇಗು ಬಂತು. ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿಯೇ ಅದು ನಗರವನ್ನು ಪ್ರವೇಶಿಸಿತು. ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ ಆರಂಭವಾಯಿತು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಸಾವು ಹೆಚ್ಚಿ, ಜನ ಮನೆ ತೊರೆದು ಬಯಲಿನ ಗುಡಿಸಲುಗಳಿಗೆ ಹೋದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಜನರಿಂದ ತುಂಬಿದ್ದು ಈ ಭಯದ ಬೆನ್ನಿನಲ್ಲಿಯೇ. ಪರಊರಿನವನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲದಲ್ಲಿ ಅಂಗಡಿಯ ಅಟ್ಟ, ಮನೆಯ ಜಗಲಿಗಳ ಹಳೆಯ ಆತಿಥ್ಯವು ಕುಗ್ಗದೆ ಇರಲು ಸಾಧ್ಯವಿರಲಿಲ್ಲ. ಪೇಟೆಯ ಹೊರಗೆ, ಗಾಳಿ ಬೆಳಕಿನ ವಿಶಾಲ ನಿವೇಶನದಲ್ಲಿ ಪ್ರಯಾಣಿಕರಿಗೇ ಮೀಸಲಾದ ಕಟ್ಟಡವೊಂದರ ಬೆಲೆ ಏನೆಂಬುದು ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ.

ಉದ್ಘಾಟನೆ

ಧರ್ಮಛತ್ರವನ್ನು ೧೯೦೩ರ ಫೆಬ್ರವರಿ ೧೧ರಂದು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ತಾಯಿ ವಾಣಿವಿಲಾಸ ಸನ್ನಿಧಾನದವರ ಪ್ರತಿನಿಧಿ ಆಡಳಿತ ಮುಗಿದು, ೧೯೦೨ರ ಆಗಸ್ಟ್ ೮ರಂದು ಮಹಾರಾಜರು ಪೂರ್ಣಾಧಿಕಾರ ವಹಿಸಿಕೊಂಡು ಆಗ ಆರು ತಿಂಗಳಷ್ಟೇ ಕಳೆದಿತ್ತು. ದಿವಾನರಾಗಿದ್ದವರು ಪಿ. ಎನ್. ಕೃಷ್ಣಮೂರ್ತಿಯವರು. ಮಹಾರಾಜರಿಗೆ ಹದಿನೆಂಟು ವರ್ಷ, ತೋಟದಪ್ಪನವರಿಗೆ ಅರವತ್ತೈದರ ಹತ್ತಿರ. ಕಮಿಷನರರ ಆಳ್ವಿಕೆಯಲ್ಲಿ ಹುಟ್ಟಿ, ೧೮೮೧ರಲ್ಲಿ ರಾಜ್ಯ ಮರಳಿ ಅರಸು ಮನೆತನಕ್ಕೆ ಸೇರಿದುದನ್ನು ಕಂಡಿದ್ದ ಮುದುಕ ವರ್ತಕರೊಬ್ಬರು ತಮ್ಮ ಜೀವಮಾನದ ಗಳಿಕೆಯನ್ನು ಯುವಕ ಅರಸರ ಕೈಯಿಂದ ಲೋಕಕ್ಕೆ ಒಪ್ಪಿಸಿದ ಸಂದರ್ಭವದು.

ಅದೇ ೧೯೦೩ರ ಡಿಸೆಂಬರಿನಲ್ಲಿ ಮುಂಬಯಿಯ ಕಡಲದಡದಲ್ಲಿ ಜಮ್ಷೆಡ್‌ಜಿ ಟಾಟಾ ಅವರ ತಾಜ್ ಮಹಲ್ ಹೋಟೆಲು ಬಾಗಿಲು ತೆರೆಯಿತು. ಇಬ್ಬರೂ ವರ್ತಕರು, ಇಬ್ಬರೂ ಸುಮಾರು ಒಂದೇ ವಯಸ್ಸಿನವರು (ಟಾಟಾ ಹುಟ್ಟಿದ್ದು ೧೮೩೯ರಲ್ಲಿ), ಇಬ್ಬರೂ ಊರಿನ ಹೆಬ್ಬಾಗಿಲಿನಲ್ಲಿಯೇ ಅತಿಥಿಗೃಹ ಕಟ್ಟಿದವರು. ಒಬ್ಬರದು ಹಡಗಿನಿಂದ ಇಳಿದವರಿಗೆ, ಮತ್ತೊಬ್ಬರದು ಮೂರನೆಯ ತರಗತಿಯ ರೈಲು ಡಬ್ಬಿಯಿಂದ ಇಳಿದವರಿಗೂ. ಇಲ್ಲಿ ಮತ್ತೊಂದು ಸಂಗತಿಯನ್ನೂ ಸೇರಿಸಬಹುದು. ನೂರು ವರ್ಷಗಳ ತರುವಾಯ, ೨೦೦೪ರಲ್ಲಿ, ಟಾಟಾ ಸಮೂಹದ ಹೋಟೆಲು ಕಂಪನಿಯು ವ್ಯಾಪಾರ ನಿಮಿತ್ತ ಪ್ರಯಾಣಿಸುವವರಿಗೆ ಕಡಿಮೆ ದರದ, ಅಚ್ಚುಕಟ್ಟಾದ ಹೋಟೆಲುಗಳ ಸರಣಿಯನ್ನು ಆರಂಭಿಸಿದಾಗ ಅದರ ಮೊದಲ ಹೋಟೆಲನ್ನು ತೆರೆದದ್ದು ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ. ‘ಇಂಡಿಒನ್’ ಎಂದು ಆರಂಭವಾದ ಆ ಸರಣಿಗೆ ಅನಂತರ ‘ಜಿಂಜರ್’ ಎಂದು ಹೆಸರಾಯಿತು.

ಛತ್ರದಲ್ಲಿ ತಂಗಲು ಜಾತಿ ಮತಗಳ ಭೇದವಿರಲಿಲ್ಲ. ಪ್ರಯಾಣಿಕನಾಗಿ ಬಂದವನು ಯಾವ ಊರಿನವನಾದರೂ ಅವನಿಗೆ ಅಲ್ಲಿ ಎಡೆಯಿತ್ತು. ಹನ್ನೆರಡನೆಯ ಶತಮಾನದ ಶರಣರು ಬೋಧಿಸಿದ ದಾಸೋಹದ ಕಲ್ಪನೆಯು ಲಿಂಗಾಯತ ವರ್ತಕರ ಮನೆಗಳಲ್ಲಿ ಜಂಗಮರಿಗೆ ಪ್ರಸಾದ ನೀಡುವ ರೂಪದಲ್ಲಿ ಉಳಿದುಬಂದಿತ್ತು. ತೋಟದಪ್ಪನವರು ಅದನ್ನು ರೈಲುಯುಗದ ಪ್ರಯಾಣಿಕನವರೆಗೆ ವಿಸ್ತರಿಸಿದರೆಂದು ಹೇಳಿದರೆ ತಪ್ಪಾಗದು.

ವಿದ್ಯಾರ್ಥಿನಿಲಯ

ಛತ್ರದೊಡನೆ ಬೆಳೆದದ್ದು ಉಚಿತ ವಿದ್ಯಾರ್ಥಿನಿಲಯ. ಅಂದು ಮೈಸೂರು ಸಂಸ್ಥಾನದಲ್ಲಿ ಉನ್ನತ ಶಿಕ್ಷಣವೆಂದರೆ ಬೆಂಗಳೂರು, ಮೈಸೂರು ಎರಡೇ ಊರುಗಳ ಮಾತು. ಬೆಂಗಳೂರಿನಲ್ಲಿ ೧೮೫೮ರಲ್ಲಿ ಪ್ರೌಢಶಾಲೆಯಾಗಿ ಆರಂಭವಾದ ಸೆಂಟ್ರಲ್ ಕಾಲೇಜಿತ್ತು. ಹಳ್ಳಿಯ ಹುಡುಗ ಬುದ್ಧಿವಂತನಾದರೂ ಬೆಂಗಳೂರಿನಲ್ಲಿ ಉಳಿದು ಉಂಡು ಓದುವ ಖರ್ಚನ್ನು ಅವನ ತಂದೆ ಭರಿಸಲಾರನು. ಶಾಲೆಯ ಶುಲ್ಕಕ್ಕಿಂತ ದಿನದ ಎರಡು ಹೊತ್ತಿನ ಊಟವೇ ದೊಡ್ಡ ತಡೆ. ವಾರಾನ್ನ, ಭಿಕ್ಷಾನ್ನಗಳಿಂದ ಓದಿದವರ ಕಥೆಗಳು ನಮ್ಮ ಹಿರಿಯರ ಆತ್ಮಕಥೆಗಳಲ್ಲಿ ಹೇರಳ. ಆದರೆ ವಾರಾನ್ನದ ಅನುಕೂಲ ಎಲ್ಲ ಸಮುದಾಯದ ಹುಡುಗರಿಗೂ ಸಮನಾಗಿ ಒದಗುತ್ತಿರಲಿಲ್ಲ.

ಈ ನಿಲಯವನ್ನು ಲಿಂಗಾಯತ ವಿದ್ಯಾರ್ಥಿಗಳಿಗೆ ಮೀಸಲಾಗಿರಿಸಲಾಗಿತ್ತು. ಛತ್ರ ಎಲ್ಲರಿಗೂ, ವಿದ್ಯಾರ್ಥಿನಿಲಯ ಒಂದು ಸಮಾಜಕ್ಕೆ ಎಂಬ ಈ ವ್ಯವಸ್ಥೆಯನ್ನು ಇಂದಿನ ಕಣ್ಣಿನಿಂದ ನೋಡಿದರೆ ಕೊಂಚ ಸಂಕುಚಿತವೆನಿಸಬಹುದು. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಂಸ್ಥಾನದ ಸರ್ಕಾರಿ ಹುದ್ದೆಗಳೂ ಇಂಗ್ಲಿಷ್ ವಿದ್ಯೆಯೂ ಬಹುಮಟ್ಟಿಗೆ ಒಂದೆರಡು ಸಮುದಾಯಗಳ ಕೈಯಲ್ಲಿದ್ದವು. ಕೃಷಿ, ವ್ಯಾಪಾರಗಳನ್ನು ನಂಬಿದ್ದ ಸಮುದಾಯಗಳು ತಮ್ಮ ಮಕ್ಕಳನ್ನು ಮುಂದೆ ತರಲು ತಾವೇ ಸಂಸ್ಥೆಗಳನ್ನು ಕಟ್ಟಿಕೊಳ್ಳತೊಡಗಿದ್ದರು. ೧೯೦೪ರಲ್ಲಿ ವೀರಶೈವ ಮಹಾಸಭೆ, ೧೯೦೬ರಲ್ಲಿ ಒಕ್ಕಲಿಗರ ಸಂಘ, ೧೯೧೬ರಲ್ಲಿ ಬಳ್ಳಾರಿಯ ವೀರಶೈವ ವಿದ್ಯಾವರ್ಧಕ ಸಂಘ ಹಾಗೂ ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ ಸ್ಥಾಪನೆಯಾದವು. ಹಿಂದುಳಿದ ವರ್ಗಗಳ ಪ್ರಾತಿನಿಧ್ಯದ ಪ್ರಶ್ನೆಯನ್ನು ಪರಿಶೀಲಿಸಿದ ಮಿಲ್ಲರ್ ಸಮಿತಿ ನೇಮಕವಾದದ್ದು ೧೯೧೮ರಲ್ಲಿ. ತೋಟದಪ್ಪನವರ ಧರ್ಮಕಾರ್ಯವು ಈ ಪರಂಪರೆಯ ಮೊದಲ ಹೆಜ್ಜೆಗಳಲ್ಲಿ ಒಂದು.

ಈ ನಿಲಯದಲ್ಲಿ ಉಳಿದು ಓದಿದವರಲ್ಲಿ ಸಿದ್ಧಗಂಗಾ ಮಠದ ಡಾ. ಶಿವಕುಮಾರ ಸ್ವಾಮಿಗಳು ಪ್ರಮುಖರು. ವೀರಾಪುರದಲ್ಲಿ ಹುಟ್ಟಿದ ಅವರು ೧೯೨೭ರಲ್ಲಿ ಸೆಂಟ್ರಲ್ ಕಾಲೇಜಿಗೆ ಸೇರಿದಾಗ ಆಶ್ರಯ ಪಡೆದದ್ದು ತೋಟದಪ್ಪನವರ ಛತ್ರದ ವಿದ್ಯಾರ್ಥಿನಿಲಯದಲ್ಲಿ. ೧೯೩೦ರಲ್ಲಿ ವಿರಕ್ತಾಶ್ರಮ ಸ್ವೀಕರಿಸಿದ ಅವರು ಮುಂದೆ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ, ಅಲ್ಲಿ ಯಾವ ಜಾತಿ ಮತದ ಕಟ್ಟೂ ಇಲ್ಲದೆ, ಅನ್ನ, ವಸತಿ, ವಿದ್ಯೆಗಳನ್ನು ಉಚಿತವಾಗಿ ಒದಗಿಸಿದ ಸಂಗತಿ ನಾಡಿಗೆ ತಿಳಿದಿದೆ.

ಬಿರುದುಗಳು

ತೋಟದಪ್ಪನವರ ಲೋಕೋಪಕಾರವನ್ನು ಮೆಚ್ಚಿ ನಾಲ್ವಡಿ ಕೃಷ್ಣರಾಜ ಒಡೆಯರು ೧೯೦೫ರಲ್ಲಿ ‘ಧರ್ಮಪ್ರವರ್ತ’ ಎಂಬ ಬಿರುದನ್ನು ದಯಪಾಲಿಸಿದರು. ಬ್ರಿಟಿಷ್ ಸರ್ಕಾರವು ೧೯೧೦ರಲ್ಲಿ ‘ರಾವ್ ಬಹದ್ದೂರ್’ ಪದವಿಯನ್ನು ನೀಡಿತು. ಉತ್ತರ ಭಾರತದಲ್ಲಿ ರಾಯ್ ಬಹದ್ದೂರ್ ಎಂದಿದ್ದ ಪದವಿಯೇ ದಕ್ಷಿಣದಲ್ಲಿ ರಾವ್ ಬಹದ್ದೂರ್ ಎನಿಸಿಕೊಳ್ಳುತ್ತಿತ್ತು. ಸಾಮಾನ್ಯವಾಗಿ ಇದು ಸರ್ಕಾರಿ ಅಧಿಕಾರಿಗಳಿಗೂ ಜಮೀನ್ದಾರರಿಗೂ ಸಲ್ಲುತ್ತಿದ್ದ ಗೌರವ. ತೋಟದಪ್ಪನವರು ಈ ಪದವಿಯನ್ನು ಅನುಭವಿಸಿದ ಕಾಲ ಬಹಳ ಕಿರಿದು. ಬಿರುದುಗಳೆರಡೂ ಅವರ ವ್ಯಕ್ತಿಗತ ಹೆಸರಿಗಿಂತ ಹೆಚ್ಚಾಗಿ ಅವರ ಸಂಸ್ಥೆಯ ಹೆಸರಿನಲ್ಲಿ ಬಾಳಿವೆ.

ಧರ್ಮಸಂಸ್ಥೆ ಮತ್ತು ನಿಧನ

ಕಟ್ಟಡ ಕಟ್ಟಿಸಿ ಕೈ ತೊಳೆದುಕೊಂಡ ದಾನಿಗಳ ಛತ್ರಗಳು ಏನಾದವೆಂಬುದಕ್ಕೆ ನಾಡಿನ ಹೆದ್ದಾರಿಗಳಲ್ಲಿ ಬೇಕಾದಷ್ಟು ಸಾಕ್ಷಿಗಳಿವೆ. ಕೆಲವು ಕುಸಿದಿವೆ, ಕೆಲವು ದನದ ಕೊಟ್ಟಿಗೆಯಾಗಿವೆ, ಕೆಲವು ವಾರಸುದಾರರ ವ್ಯಾಜ್ಯದಲ್ಲಿ ಕರಗಿವೆ. ಛತ್ರಕ್ಕೆ ಗೋಡೆಗಿಂತ ಮುಖ್ಯವಾದದ್ದು ಅದನ್ನು ನಡೆಸುವ ವರಮಾನ ಮತ್ತು ಆ ವರಮಾನವನ್ನು ಕಾಯುವ ಜನ. ತೋಟದಪ್ಪನವರು ತಮ್ಮ ಕೊನೆಯ ದಿನಗಳಲ್ಲಿ ಧರ್ಮಸಂಸ್ಥೆಯೊಂದನ್ನು ರಚಿಸಿ, ತಮ್ಮ ಆಸ್ತಿಯನ್ನೆಲ್ಲ ಅದಕ್ಕೆ ಬರೆದುಕೊಟ್ಟರು. ಅದರ ಅಧ್ಯಕ್ಷರನ್ನಾಗಿ ಕೆ. ಪಿ. ಪುಟ್ಟಣ್ಣಚೆಟ್ಟರನ್ನು ನೇಮಿಸಿದರು.

ಈ ನೇಮಕ ಬಹಳ ವಿವೇಕದ್ದು. ಪುಟ್ಟಣ್ಣಚೆಟ್ಟರು (೧೮೫೬–೧೯೩೮) ಸಂಸ್ಥಾನದ ಉನ್ನತ ಅಧಿಕಾರಿಗಳಾಗಿ, ಬೆಂಗಳೂರು ನಗರಸಭೆಯ ಅಧ್ಯಕ್ಷರಾಗಿ ದುಡಿದವರು. ಸರ್ ಪದವಿ ಪಡೆದವರು. ೧೯೩೫ರಲ್ಲಿ ಆರಂಭವಾದ ಬೆಂಗಳೂರಿನ ಪುರಭವನಕ್ಕೆ ಅವರ ಹೆಸರೇ ಇದೆ. ದಾನಿಯ ಬಂಧುವಾಗಿರದೆ, ಸಾರ್ವಜನಿಕ ಹಣದ ಲೆಕ್ಕವನ್ನು ಬಲ್ಲ, ಸರ್ಕಾರದಲ್ಲಿಯೂ ಸಮಾಜದಲ್ಲಿಯೂ ಮಾತು ನಡೆಯುವ ವ್ಯಕ್ತಿಯ ಕೈಗೆ ಬೀಗದ ಕೈ ಒಪ್ಪಿಸಿದುದರಿಂದ, ಸ್ಥಾಪಕರು ಕಣ್ಣು ಮುಚ್ಚಿದ ಮೇಲೆಯೂ ಆಸ್ತಿ ಚದುರಲಿಲ್ಲ.

ತೋಟದಪ್ಪನವರು ೧೯೧೦ರ ಫೆಬ್ರವರಿ ೨೧ರಂದು, ತಮ್ಮ ೭೨ನೆಯ ವಯಸ್ಸಿನ ಸುಮಾರಿನಲ್ಲಿ ನಿಧನ ಹೊಂದಿದರು. ಛತ್ರ ತೆರೆದು ಆಗ ಏಳು ವರ್ಷಗಳು ಪೂರೈಸಿದ್ದವು.

ಇಂದಿನ ಛತ್ರ

ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪ ಧರ್ಮಸಂಸ್ಥೆಯು ಶತಮಾನ ದಾಟಿ ಕಾರ್ಯನಿರತವಾಗಿದೆ. ಉದ್ದನೆಯ ಹೆಸರನ್ನು ಸಂಕ್ಷೇಪಿಸಿ ಆರ್.ಬಿ.ಡಿ.ಜಿ.ಟಿ.ಸಿ. ಎಂದು ಬರೆಯುವುದು ರೂಢಿ. ಬೆಂಗಳೂರಿನಲ್ಲಿಯೂ ರಾಜ್ಯದ ಬೇರೆ ಊರುಗಳಲ್ಲಿಯೂ ಅದು ವಿದ್ಯಾರ್ಥಿನಿಲಯಗಳನ್ನು ನಡೆಸುತ್ತಿದೆ. ಮೆಜೆಸ್ಟಿಕ್ ಬಳಿಯ ಛತ್ರದಲ್ಲಿ ಪ್ರಯಾಣಿಕರಿಗೆ ಅಗ್ಗದ ದರದಲ್ಲಿ ಕೋಣೆಗಳು ದೊರೆಯುತ್ತವೆ. ಸುತ್ತಲಿನ ಗಾಂಧಿನಗರ, ಉಪ್ಪಾರಪೇಟೆ, ಕಾಟನ್‌ಪೇಟೆಗಳ ತುಂಬ ಲಾಡ್ಜುಗಳೂ ಹೋಟೆಲುಗಳೂ ತುಂಬಿಕೊಂಡಿರುವ ಈ ದಿನಗಳಲ್ಲಿ, ಆ ಪ್ರದೇಶವನ್ನು ಪ್ರಯಾಣಿಕರ ನೆಲೆಯಾಗಿ ಮೊದಲು ಗುರುತಿಸಿದವರಲ್ಲಿ ಮಾಮೂಲುಪೇಟೆಯ ಈ ವರ್ತಕರೂ ಒಬ್ಬರೆಂಬುದು ಹಲವರಿಗೆ ಹೊಳೆಯುವುದಿಲ್ಲ.

ಸುತ್ತಲಿನ ಭೂಚಿತ್ರ ಪೂರ್ತಿ ಬದಲಾಗಿದೆ. ಹೆಸರಘಟ್ಟದ ನೀರು ೧೮೯೬ರಲ್ಲಿ ನಗರಕ್ಕೆ ಬಂದ ಮೇಲೆ ಧರ್ಮಾಂಬುಧಿ ಕೆರೆಯ ಮಹತ್ವ ಕುಗ್ಗಿ, ಕ್ರಮೇಣ ಅದು ಬತ್ತಿ ಬಯಲಾಯಿತು. ಕೆರೆಯಂಗಳದಲ್ಲಿ ಈಗ ಕೆಂಪೇಗೌಡ ಬಸ್ಸು ನಿಲ್ದಾಣವಿದೆ. ನೆಲದಡಿಯಲ್ಲಿ ಮೆಟ್ರೋ ರೈಲು ಓಡುತ್ತದೆ. ನಗರ ರೈಲು ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿಡಲಾಗಿದೆ. ನಿಲ್ದಾಣದ ಮುಂದೆ ಹಾದುಹೋಗುವ ರಸ್ತೆಯ ಹೆಸರು ಗುಬ್ಬಿ ತೋಟದಪ್ಪ ರಸ್ತೆ. ಬಳ್ಳಾರಿ, ರಾಯಚೂರು, ಹುಬ್ಬಳ್ಳಿಗಳ ಕಡೆಯಿಂದ ರಾತ್ರಿ ರೈಲಿನಲ್ಲಿ ಬಂದು ನಸುಕಿನಲ್ಲಿ ಇಳಿದವರು ಹೊರಗೆ ಕಾಲಿಟ್ಟೊಡನೆ ಮೊದಲು ದಾಟುವುದು ಇದೇ ರಸ್ತೆಯನ್ನು.